ಹಿಂದೆ ಬರುವವನ ಹಣೆಬರಹ

ನಮ್ಮ ಮಧುಗಿರಿ ಸೀಮೆಯಲ್ಲಿ ಹೈಬ್ರಿಡ್ ಅಂದರೆ ಬೀಜ. ಹೈಬ್ರಿಡ್ ಜೋಳ, ಹೈಬ್ರಿಡ್ ಟೊಮೊಟೊ, ಹೈಬ್ರಿಡ್ ಬದನೆ. ಇಂಡಿಯಾದ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿ 'ಇಂಡಾಫ್' ಎಂದು ಹೆಸರಿಟ್ಟ ರಾಗಿ ಲಕ್ಷ್ಮಣಯ್ಯನವರ ಕಾಲದಿಂದಲೂ ನಮ್ಮಮ್ಮನ ನಿಘಂಟಿನಲ್ಲಿ ಈ ಪದಕ್ಕೆ ಒಂದೇ ಅರ್ಥ: ಕಣ ತುಂಬುತ್ತದೆ, ಮುದ್ದೆ ಮಾತ್ರ ಹಳೇ ರಾಗಿಯಂತಾಗುವುದಿಲ್ಲ. ಹೀಗಾಗಿ ಬೆಂಗಳೂರಿನ ನನ್ನ ಭಾಮೈದ ಹೊಸ ಕಾರನ್ನು ಸದ್ದಿಲ್ಲದೆ ಮನೆ ಮುಂದೆ ತಂದು ನಿಲ್ಲಿಸಿ "ಹೈಬ್ರಿಡ್ಡು ಅತ್ತೆ" ಎಂದಾಗ ಅಮ್ಮ ಕೇಳಿದ್ದು ಇಷ್ಟೆ: "ಎಷ್ಟು ತಿಂಗಳಿಗೆ ಫಸಲು ಬತ್ತೈತಪ್ಪ?"

ಸದ್ದಿಲ್ಲದೆ ಎಂದೆ. ಅದೇ ಆ ಕಾರಿನ ವಿಶೇಷ. ಪೆಟ್ರೋಲ್ ಎಂಜಿನ್ನೂ ಇದೆ, ಕರೆಂಟಿನ ಮೋಟಾರೂ ಇದೆ. ನಿಧಾನಕ್ಕೆ ಬಂದರೆ ಬರೀ ಮೋಟಾರು. ಬ್ರೇಕ್ ಒತ್ತಿದರೆ ವ್ಯರ್ಥವಾಗಬೇಕಿದ್ದ ಶಕ್ತಿ ಬ್ಯಾಟರಿಗೆ ವಾಪಸು. ಜಪಾನಿನವರು 1997ರಲ್ಲೇ ಇಂಥ ಕಾರನ್ನು ಮಾರುಕಟ್ಟೆಗೆ ಬಿಟ್ಟರು. ನಮ್ಮ ಬೀದಿಗೆ ಬರಲು ಕಾಲು ಶತಮಾನ ಹಿಡಿಯಿತು. ಮೊದಲ ದಿನ ಬೀದಿನಾಯಿಗಳು ಕೂಡ ಏಳಲಿಲ್ಲ. ಕಾರು ಬಂದ ಸುದ್ದಿ ಅವಕ್ಕೆ ಗೊತ್ತಾಗಿದ್ದು ಭಾಮೈದ ಇಳಿದು ಅದರ ಬೆಲೆ ಹೇಳಿದ ಮೇಲೆ.

ಭಾಮೈದ ವಾರದಲ್ಲಿ ಐದು ದಿನ ಸಾಫ್ಟ್‌ವೇರು, ಎರಡು ದಿನ ಮಣ್ಣಿನ ಮಗ. ಕೊರಟಗೆರೆ ಕಡೆ ನಾಲ್ಕೆಕರೆ ಜಮೀನು ಮಾಡಿದ್ದಾನೆ. ಮಾವು, ಹುಣಸೆ, ಡ್ರಿಪ್ಪು, ಒಂದು ಬೋರ್ಡು. ಶನಿವಾರ ಬಂದರೆ ಸಸಿ, ಪೈಪು, ಗೊಬ್ಬರದ ಚೀಲ ಸಾಗಿಸಬೇಕು. ಹೈಬ್ರಿಡ್ ಕಾರಿನ ಸೀಟಿಗೆ ಕೊಟ್ಟಿಗೆ ಗೊಬ್ಬರದ ವಾಸನೆ ಹತ್ತಬಾರದು. ಮಣ್ಣಿನ ಮೇಲೆ ಪ್ರೀತಿ ಇದೆ, ಮ್ಯಾಟಿನ ಮೇಲೆ ಬೀಳಬಾರದು ಅಷ್ಟೆ. ಅದಕ್ಕೆ ಅವನೇ ಕಂಡುಕೊಂಡ ಉಪಾಯ: ಕಾರಿನ ಹಿಂದೆ ಎರಡು ಚಕ್ರದ ಪುಟ್ಟ ಟ್ರೈಲರ್. "ಅಮೆರಿಕದಲ್ಲಿ ಎಲ್ಲ ಹೀಗೇ ಓಡಾಡೋದು ಭಾವ. ಲೈಟಿನ ವೈರಿಂಗು ಕೂಡ ಅವರೇ ಮಾಡ್ಕೋತಾರೆ. ನಾವೂ ಮಾಡಣ." ಅಮೆರಿಕದಲ್ಲಿ ತಮ್ಮ ಬಟ್ಟಲು ತಾವೇ ತೊಳೆದುಕೊಳ್ಳುತ್ತಾರೆ ಎಂಬ ಸುದ್ದಿ ಮಾತ್ರ ಅವನಿಗೆ ಇನ್ನೂ ತಲುಪಿಲ್ಲ.

ಮೊದಲು ಕಾಗದಪತ್ರ ಸರಿ ಮಾಡಿಕೊಳ್ಳೋಣ ಎಂದು ಸಂಬಂಧಪಟ್ಟ ಕಚೇರಿಯೊಂದಕ್ಕೆ ಹೋದೆವು. "ಸಾರ್, ಕಾರಿಗೆ ಟ್ರೈಲರ್..." ಎಂದು ಭಾಮೈದ ಬಾಯಿ ತೆರೆದ. ಮೇಜಿನ ಆಚೆಯವರು ತಲೆ ಎತ್ತದೆ ಕೇಳಿದರು: "ಯಾವ ಪಿಚ್ಚರ್ದು?"

ವಿಷಯ ತಿಳಿಸಿದ ಮೇಲೆ ಕಾನೂನು ಒಂದೊಂದಾಗಿ ಹೊರಬಂತು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೈಲರ್ ಅಂದರೆ ಕಾರಿನ ಬಾಲವಲ್ಲ, ಅದೇ ಒಂದು ವಾಹನ. ಅದಕ್ಕೂ ನೋಂದಣಿ ಬೇಕು, ನಂಬರು ಬೇಕು. ಕಂಪನಿ ಕೊಟ್ಟ ರೂಪವನ್ನು ನಮಗೆ ಬೇಕಾದಂತೆ ತಿದ್ದುವಂತಿಲ್ಲ ಎನ್ನುತ್ತದೆ 52ನೇ ಸೆಕ್ಷನ್ನು. ಹಿಂದೆ ಕೆಂಪು ದೀಪ, ಕೆಂಪು ರಿಫ್ಲೆಕ್ಟರು ಇರಲೇಬೇಕು ಎನ್ನುತ್ತವೆ 1989ರ ನಿಯಮಗಳು. ಎಲ್ಲ ಹೇಳಿ ಮುಗಿಸಿ ಅವರು ಕನ್ನಡಕ ತೆಗೆದು ಹಿತವಚನ ನುಡಿದರು: "ಇಷ್ಟೆಲ್ಲಾ ಯಾಕೆ ಸಾರ್? ಒಂದು ಟ್ರಾಕ್ಟ್ರು ತಗಂಡ್ಬುಡಿ. ಯಾರೂ ಏನೂ ಕೇಳಲ್ಲ."

ಆ ಕಾಗದಪತ್ರದ ಪುರಾಣ ಇನ್ನೊಂದು ಅಂಕಣಕ್ಕಾಗುವಷ್ಟಿದೆ. ಈಗ ನೇರವಾಗಿ ವೈರಿಂಗ್ ಪರ್ವಕ್ಕೆ ಬರುತ್ತೇನೆ.

ಭಾನುವಾರ ಬೆಳಿಗ್ಗೆ ಮನೆ ಮುಂದೆ ಟೆಸ್ಟರು, ಕಟಿಂಗ್ ಪ್ಲೇಯರು, ಟೇಪು ಹರಡಿಕೊಂಡು ಕೂತೆವು. ಏಳು ಪಿನ್ನಿನ ಸಾಕೆಟ್ಟಿಗೆ ಯುರೋಪಿನವರು ಮಾಡಿಟ್ಟ ಒಂದು ಬಣ್ಣದ ಶಾಸ್ತ್ರವಿದೆ. ಹಳದಿ ಎಂದರೆ ಎಡ ಇಂಡಿಕೇಟರು, ಹಸಿರು ಬಲದ್ದು, ಕೆಂಪು ಬ್ರೇಕಿಗೆ, ಕಂದು ಮತ್ತು ಕಪ್ಪು ಟೇಲ್ ಲೈಟಿಗೆ, ಬಿಳಿ ಅರ್ತಿಂಗಿಗೆ, ನೀಲಿ ಮಂಜಿನ ದೀಪಕ್ಕೆ. ಬಣ್ಣಕ್ಕೆ ಇಷ್ಟು ನಿಷ್ಠೆ ಇರುವುದು ವೈರಿನ ಲೋಕದಲ್ಲಿ ಮಾತ್ರ. ನಮ್ಮ ನಾಯಕರ ಶಾಲುಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅಂಗಡಿಯವನು ಪೊಟ್ಟಣದಲ್ಲಿ ಕೊಟ್ಟಿದ್ದು ಮಾತ್ರ ಏಳೂ ಕಪ್ಪು ವೈರು. "ಕಲರ್ ಖಾಲಿ ಅಣ್ಣ. ಕರೆಂಟಿಗೇನು ಕಣ್ಣೈತಾ?"

ಭಾಮೈದ ಡಿಕ್ಕಿಯ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ, ಟೇಲ್ ಲೈಟಿಗೆ ಹೋಗುವ ವೈರಿನ ಚರ್ಮ ಸುಲಿದು, ನಮ್ಮ ವೈರನ್ನು ಹೊಸೆದು ಸೇರಿಸಿ ಟೇಪು ಸುತ್ತಿದ. ನಮ್ಮಪ್ಪನ ಕಾಲದ ಅಂಬಾಸಿಡರಿನಲ್ಲಿ ಇದು ನಡೆಯುತ್ತಿತ್ತು. ಅಲ್ಲಿ ವೈರು ಅಂದರೆ ವೈರು. ಪೆಡಲಿನ ಬುಡದ ಸ್ವಿಚ್ಚು ಒತ್ತಿದರೆ ಕರೆಂಟು ನೇರ ಬಲ್ಬಿಗೆ. ಈ ಕಾರಿನಲ್ಲಿ ಪೆಡಲಿಗೂ ದೀಪಕ್ಕೂ ನಡುವೆ ಒಂದು ಕಂಪ್ಯೂಟರ್ ಕೂತು, ಯಾವ ದೀಪ ಎಷ್ಟು ಕುಡಿಯಿತು ಎಂದು ಲೆಕ್ಕ ಬರೆಯುತ್ತದೆ. ಕಾರಿನ ಎಲ್‌ಇಡಿಗೆ ಬೇಕಿರುವುದು ಚೂರೇಚೂರು. ನಾವು ಟ್ರೈಲರಿಗೆ ಹಾಕಿದ್ದು 21 ವ್ಯಾಟಿನ ಎರಡು ಬ್ರೇಕ್ ಬಲ್ಬು. ಹನ್ನೆರಡು ವೋಲ್ಟಿನಲ್ಲಿ ಅವೆರಡೇ ಮೂರೂವರೆ ಆಂಪಿಯರ್ ಎಳೆಯುತ್ತವೆ. ಇಬ್ಬರ ಊಟಕ್ಕೆ ಅಕ್ಕಿ ಇಟ್ಟ ಮನೆಗೆ ಬೀಗರ ಬಸ್ಸೇ ಬಂದು ನಿಂತಂತಾಯಿತು.

ಬ್ರೇಕ್ ಒತ್ತಿದೆ. ಒಂದು ಕ್ಷಣ ಟ್ರೈಲರ್ ಝಗ್ ಎಂದಿತು. ಮರುಕ್ಷಣ ಕಾರಿನ ಡ್ಯಾಶ್‌ಬೋರ್ಡು ದಂಡಿನ ಮಾರಮ್ಮನ ಜಾತ್ರೆಯಂತೆ ಹತ್ತಿಕೊಂಡಿತು. ಹಳದಿ ತ್ರಿಕೋನ, ಕೆಂಪು ವೃತ್ತ, ಹಿಂದೆಂದೂ ಕಾಣದ ಚಿತ್ರವಿಚಿತ್ರ. ಕಂಪ್ಯೂಟರು ಪ್ರಾಣ ಉಳಿಸಿಕೊಳ್ಳಲು ಆ ದಾರಿಯನ್ನೇ ಮುಚ್ಚಿತು. ಟ್ರೈಲರಿನ ದೀಪ ಹೋಯಿತು, ಜೊತೆಗೆ ಕಾರಿನ ಸ್ವಂತ ಟೇಲ್ ಲೈಟೂ ಹೋಯಿತು. ಅಲ್ಲಿಗೆ ಲಕ್ಷಾಂತರ ರೂಪಾಯಿಯ ನಮ್ಮ ಹೈಬ್ರಿಡ್ ಕಾರು ಈ ಸೀಮೆಯ ಟ್ರಾಕ್ಟರಿಗೆ ಸರಿಸಮ ಆಯಿತು.

ಟ್ರಾಕ್ಟರ್ ವೈರಿಂಗಿನಲ್ಲಿ ಪಳಗಿದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಕರೆಸಿದೆವು. ಅವನು ಕಾರನ್ನು ಒಂದು ಸುತ್ತು ಹಾಕಿ, ಬೀಡಿ ಹಚ್ಚಿ, ರೋಗಿಯ ನೆಂಟರಿಗೆ ಹೇಳುವ ಧಾಟಿಯಲ್ಲಿ ಹೇಳಿದ: "ಕಂಪ್ಯೂಟ್ರು ಗಿಂಪ್ಯೂಟ್ರು ಎಲ್ಲಾ ಬುಡಿ. ಡೈರೆಕ್ಟ್ ಕೊಟ್ಬುಡ್ತೀನಿ." ನಮ್ಮಲ್ಲಿ ಎಲ್ಲ ಕಾಯಿಲೆಗೂ ಇದೊಂದೇ ಮದ್ದು. ಮೀಟರು ಓಡಿದರೆ ಡೈರೆಕ್ಟು, ಸ್ಟಾರ್ಟರು ಕೆಟ್ಟರೆ ಡೈರೆಕ್ಟು, ಸಾಹೇಬರು ಸಿಗದಿದ್ದರೂ ಡೈರೆಕ್ಟು. ಹಾಗೆನ್ನುತ್ತಲೇ ಅವನ ಕೈ ಒಂದು ದಪ್ಪ ಕೇಸರಿ ಬಣ್ಣದ ಕೇಬಲ್ಲಿನ ಕಡೆ ಹೋಯಿತು. "ಇದ್ರಾಗೆ ಒಳ್ಳೆ ಕರೆಂಟ್ ಇದ್ದಂಗೈತೆ."

ಭಾಮೈದ ಕಿರುಚಿದ ಕಿರುಚಿಗೆ ಆ ನಾಯಿಗಳೂ ಎದ್ದವು. ಹೈಬ್ರಿಡ್ ಕಾರಿನಲ್ಲಿ ಕೇಸರಿ ಕೇಬಲ್ಲೆಂದರೆ ದೊಡ್ಡ ಬ್ಯಾಟರಿಯ ರಾಜಮಾರ್ಗ. ಎಷ್ಟೋ ಮಾದರಿಗಳಲ್ಲಿ ಅದು ಇನ್ನೂರು ವೋಲ್ಟಿನ ಆಸುಪಾಸು, ಕೆಲವದರಲ್ಲಿ ಇನ್ನೂ ಮೇಲೆ. ಮುಟ್ಟಿದರೆ ಮನುಷ್ಯನೇ ಡೈರೆಕ್ಟು. ನಮ್ಮ ನಾಡಿನಲ್ಲಿ ಕೇಸರಿ ಕಂಡ ಕೂಡಲೇ ಕೆಲವರು ಕೈ ಮುಗಿಯುತ್ತಾರೆ, ಕೆಲವರು ಮುಖ ತಿರುಗಿಸುತ್ತಾರೆ. ಬಾನೆಟ್ಟಿನ ಕೆಳಗೆ ಮಾತ್ರ ಎರಡು ಪಂಗಡದವರೂ ಒಮ್ಮತದಿಂದ ಕೈ ಹಿಂದಕ್ಕೆ ಕಟ್ಟಿಕೊಳ್ಳಬೇಕು.

ಇದಕ್ಕೊಂದು ಸರಿಯಾದ ದಾರಿ ಇತ್ತು. ಟ್ರೈಲರಿಗೆಂದೇ ಸಿಗುವ ಸಣ್ಣ ರಿಲೇ ಪೆಟ್ಟಿಗೆ. ಅದು ಹೊಟ್ಟೆಪಾಡಿಗೆ ಬೇಕಾದ ಕರೆಂಟನ್ನು 12 ವೋಲ್ಟಿನ ಚಿಕ್ಕ ಬ್ಯಾಟರಿಯಿಂದ ಫ್ಯೂಸಿನ ಮೂಲಕ ತೆಗೆದುಕೊಳ್ಳುತ್ತದೆ. ಕಾರಿನ ವೈರನ್ನು ಬರೀ ಇಣುಕಿ ನೋಡುತ್ತದೆ, ಉಣ್ಣುವುದಿಲ್ಲ. ಟ್ರೈಲರಿಗೂ ಎಲ್‌ಇಡಿ ಹಾಕಿದರೆ ಹೊರೆ ಇನ್ನೂ ಹಗುರ. ಆ ಚಿಕ್ಕ ಬ್ಯಾಟರಿಯ ಮರ್ಯಾದೆಯನ್ನೂ ಕಾಯಬೇಕು. ನಮ್ಮ ಕಾರಿನಲ್ಲಿ ಡೈನಮೋ ಇಲ್ಲ, ದೊಡ್ಡ ಬ್ಯಾಟರಿಯೇ ಚಿಕ್ಕದಕ್ಕೆ ಊಡಿಸಬೇಕು, ಅದೂ ಕಾರು ಚಾಲೂ ಇದ್ದಾಗ. ಕಾರು ಆರಿಸಿ ದೀಪ ಉರಿಸಿದರೆ ಚಿಕ್ಕದು ಬರಿದಾಗುತ್ತದೆ. ಚಿಕ್ಕದು ಸತ್ತರೆ ದೊಡ್ಡದನ್ನು ಎಬ್ಬಿಸುವವರಿಲ್ಲ. ಬಾವಿ ತುಂಬ ನೀರಿದ್ದೂ ಹಗ್ಗವಿಲ್ಲದಂತೆ.

ಕೊನೆಯದು ಅರ್ತಿಂಗು. ಬಣ್ಣ ಬಳಿದ ಕಬ್ಬಿಣಕ್ಕೆ ಬೋಲ್ಟು ಬಿಗಿದು ನಾವು ಕೈ ತೊಳೆದುಕೊಂಡಿದ್ದೆವು. ಪರಿಣಾಮ, ಬ್ರೇಕ್ ಒತ್ತಿದರೆ ಇಂಡಿಕೇಟರು ಮಂಕಾಗಿ ಹತ್ತುತ್ತಿತ್ತು, ಬಲಕ್ಕೆ ತಿರುಗುತ್ತೇನೆಂದರೆ ಎಡದ ಟೇಲ್ ಲೈಟು ಕಣ್ಣು ಮಿಟುಕಿಸುತ್ತಿತ್ತು. ನೆಲದ ಸಂಬಂಧ ತಪ್ಪಿದ ಕರೆಂಟು ಪಕ್ಕದ ಬಲ್ಬಿನ ಮೂಲಕ ಮನೆಗೆ ಹೋಗಲು ದಾರಿ ಹುಡುಕುತ್ತದೆ. ನೆಲದ ಸಂಬಂಧ ತಪ್ಪಿದ ಸರ್ಕಾರವೂ ಹೀಗೇ. ಕಂದಾಯಕ್ಕೆ ಅರ್ಜಿ ಕೊಟ್ಟರೆ ಪಶುಸಂಗೋಪನೆಯಲ್ಲಿ ಏನೋ ಮಿಣುಕುತ್ತದೆ. ಉಪ್ಪುಕಾಗದ ಹಾಕಿ ಬಣ್ಣ ಕೆರೆದು, ಹೊಳೆಯುವ ಲೋಹಕ್ಕೆ ಬಿಗಿದೆವು. ಅರ್ಧ ರೋಗ ಹೋಯಿತು. ಉಳಿದ ಅರ್ಧಕ್ಕೆ ರಿಲೇ ಪೆಟ್ಟಿಗೆ ಬರಬೇಕು, ಎರಡು ವಾರ ಕಾಯಿರಿ ಎಂದರು.

ಈ ಎರಡು ವಾರದಲ್ಲಿ ನನಗೊಂದು ಹೊಸ ಚಟ ಹತ್ತಿತು. ಎಲ್ಲಿ ಹೋದರೂ ವಾಹನಗಳ ಹಿಂಭಾಗ ನೋಡುವುದು. ನಾಲ್ಕು ತಾಲ್ಲೂಕಿನ ಹಿಂಬದಿ ದರ್ಶನ ಮುಗಿಸಿದ್ದೇನೆ. ವರದಿ ಹೀಗಿದೆ.

ಸಿರಾ. ಔರಂಗಜೇಬನ ಸೈನ್ಯ ಬಂದ ಮೇಲೆ ಇದು ಮೊಗಲರ ಸುಬಾದ ರಾಜಧಾನಿ. ಈಗ 48ನೇ ಹೆದ್ದಾರಿಯಲ್ಲಿ ಲಾರಿಗಳ ರಾಜಧಾನಿ. ಕೆಟ್ಟು ನಿಂತ ಲಾರಿಗೆ ಇಲ್ಲಿ ಅಪಾಯದ ದೀಪವೆಂದರೆ ಹೊಂಗೆಯ ರೆಂಬೆ. ರಸ್ತೆಬದಿಯ ಮರದಿಂದ ಒಂದು ಕೊಂಬೆ ಮುರಿದು ಹಿಂದಿಟ್ಟು, ಸುತ್ತ ನಾಲ್ಕು ಕಲ್ಲಿಟ್ಟರೆ ಸುರಕ್ಷತೆ ಸಂಪೂರ್ಣ. ಬ್ಯಾಟರಿ ಬೇಡ, ಫ್ಯೂಸು ಬೇಡ, ಸೊಪ್ಪು ಬಾಡಿದರೆ ಬಲ್ಬು ಹೋದಂತೆ. ಲಾರಿ ರಿಪೇರಿಯಾಗಿ ಹೋದ ಮೇಲೂ ಕಲ್ಲುಗಳು ಅಲ್ಲೇ ಇರುತ್ತವೆ. ಮುಂದಿನ ಲಾರಿಯೂ ಅಲ್ಲೇ ಕೆಡಲಿ ಎಂಬ ದೂರದೃಷ್ಟಿ.

ಮಧುಗಿರಿ. 69ನೇ ಹೆದ್ದಾರಿಯಲ್ಲಿ ಸಿರಾದಿಂದ ಈಚೆಗೆ ಬಂದರೆ, ಸುಗ್ಗಿಯಲ್ಲಿ ರಸ್ತೆಯೇ ಕಣ. ಹುರುಳಿ, ರಾಗಿಯ ಒಕ್ಕಣೆಗೆ ಸರ್ಕಾರ ಟಾರು ಹಾಕಿಸಿಕೊಟ್ಟಿದೆ, ತುಳಿಯಲು ನಮ್ಮ ಚಕ್ರ ಪುಕ್ಕಟೆ. ಸಂಜೆ ಹುಲ್ಲು ತುಂಬಿದ ಟ್ರೈಲರು ಹೊರಟರೆ ಅದು ವಾಹನವಲ್ಲ, ನಡೆದಾಡುವ ಬಣವೆ. ಕತ್ತಲಲ್ಲಿ ನಮ್ಮ ಏಕಶಿಲಾ ಬೆಟ್ಟವಾದರೂ ಕಾಣುತ್ತದೆ, ಆ ಬಣವೆ ಕಾಣುವುದಿಲ್ಲ.

ಕೊರಟಗೆರೆ. ಗೊರವನಹಳ್ಳಿ ಲಕ್ಷ್ಮಿಗೆ, ಸಿದ್ಧರಬೆಟ್ಟಕ್ಕೆ ಹರಕೆ ಹೊತ್ತ ಕುಟುಂಬಗಳು ಟ್ರೈಲರಿನಲ್ಲಿ ಚಾಪೆ ಹಾಸಿಕೊಂಡು ಹೊರಡುತ್ತವೆ. ಒಂದು ಟ್ರೈಲರಿನ ಹಿಂದೆ ಹಳೆಯ ಸಿ.ಡಿ. ಎರಡು ನೇತಾಡುತ್ತಿದ್ದವು. ಹಿಂದಿನ ಗಾಡಿಯ ಬೆಳಕು ಬಿದ್ದರೆ ಅವು ಮಿಂಚುತ್ತವಂತೆ. ಕೇಳಿದೆ, ಯಾವುದರ ಸಿ.ಡಿ.? "ಭಕ್ತಿಗೀತೆ ಸಾ, ಅದ್ಕೇ ಏನೂ ಆಗಿಲ್ಲ."

ಪಾವಗಡ. ಇಲ್ಲಿ ಮಾತು ಸ್ವಲ್ಪ ಉದ್ದವಾಗುತ್ತದೆ. ತಿರುಮಣಿ ಸುತ್ತಿನ ಐದು ಊರುಗಳ 13,000 ಎಕರೆಯಲ್ಲಿ ಸೂರ್ಯನನ್ನೇ ಉತ್ತು ಬಿತ್ತಿದ್ದಾರೆ. ಹೆಸರು ಶಕ್ತಿಸ್ಥಳ. 2018ರ ಮಾರ್ಚ್ 1ರಂದು ಉದ್ಘಾಟನೆ, ಸಾಮರ್ಥ್ಯ 2,050 ಮೆಗಾವ್ಯಾಟ್. ಕಡಲೆಕಾಯಿ ಬಿತ್ತಿ ಮುಗಿಲು ನೋಡುತ್ತಿದ್ದ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಶುರುವಾದ ಗುತ್ತಿಗೆ. ಒಂದು ಟ್ರೈಲರಿಗೆ ಐದು ವ್ಯಾಟಿನ ಎರಡು ಟೇಲ್ ಲೈಟು ಎಂದಿಟ್ಟುಕೊಳ್ಳಿ, ಒಟ್ಟು ಹತ್ತು ವ್ಯಾಟು. ಪಾವಗಡದ ಬಿಸಿಲಿನಿಂದ ಇಪ್ಪತ್ತು ಕೋಟಿ ಐವತ್ತು ಲಕ್ಷ ಟ್ರೈಲರುಗಳ ಬೆನ್ನಿಗೆ ದೀಪ ಹಚ್ಚಬಹುದು. ಲೆಕ್ಕದಲ್ಲಿ ಒಂದೇ ತೊಡಕು: ಅದು ಹಗಲಿನ ಲೆಕ್ಕ. ಹೊತ್ತು ಮುಳುಗಿದ ಮೇಲೆ ಶಕ್ತಿಸ್ಥಳವೂ ನಮ್ಮ ಟ್ರೈಲರೂ ಒಂದೇ.

ಅದೇ ಪಾವಗಡದಲ್ಲಿ ಶನಿಮಹಾತ್ಮನ ಸನ್ನಿಧಿ. ವಾಹನ ತಂದು ಪೂಜೆ ಮಾಡಿಸುವವರು ಬಹಳ. ಚಕ್ರದಡಿ ನಿಂಬೆಹಣ್ಣು, ಮುಂದೆ ಹಾರ, ಕಪ್ಪು ದಾರ. ಮಾಲೀಕನು ಭಕ್ತಿಯಿಂದ ಎಳ್ಳೆಣ್ಣೆ ದೀಪ ಹಚ್ಚಿ, ದೃಷ್ಟಿ ತೆಗೆಸಿ, ಟೇಲ್ ಲೈಟಿಲ್ಲದ ಟ್ರೈಲರ್ ಹತ್ತಿ ಕತ್ತಲಿಗೆ ಹೊರಡುತ್ತಾನೆ. ಹೋಲ್ಡರು ಬಲ್ಬು ಸೇರಿ ಆಗುವ ಖರ್ಚು ಆ ಹಾರದ ಖರ್ಚಿಗಿಂತ ಹೆಚ್ಚೇನಲ್ಲ. ಆದರೆ ಬಲ್ಬು ಹಾಕಿಸಿದರೆ ಶನಿಗೆ ಕೆಲಸ ಕಡಿಮೆಯಾಗಿಬಿಡುತ್ತದಲ್ಲ.

ಹಾಗೆಂದು ನಮ್ಮ ಟ್ರಾಕ್ಟರಿನವರು ಬೆಳಕಿನ ವಿರೋಧಿಗಳಲ್ಲ. ಮುಂದೆ ನೋಡಿ: ಎದುರಿನವನ ಕಣ್ಣು ಕೀಳುವ ಎಲ್‌ಇಡಿ ಪಟ್ಟಿ, ಬಂಪರಿನ ಮೇಲೆ ನಾಲ್ಕು ಫೋಕಸ್ ಲೈಟು, ಮಡ್‌ಗಾರ್ಡಿನ ಸುತ್ತ ನೀಲಿ ಸೀರಿಯಲ್ ಸೆಟ್ಟು. ಎರಡು ಊರಿಗೆ ಕೇಳುವಂಥ ಹಾಡಿನ ಪೆಟ್ಟಿಗೆ. ಹಿಂದೆ, ಹೊಸ ಟ್ರಾಕ್ಟರುಗಳಿಗೆ ಕಂಪನಿಯವರೇ ಕೊಟ್ಟ ಟ್ರೈಲರ್ ಸಾಕೆಟ್ಟು. ಅದರಲ್ಲಿ ಜೇಡ ಗೂಡು ಕಟ್ಟಿ ಸಂಸಾರ ಹೂಡಿರುತ್ತದೆ. ಕೇಳಿದರೆ "ವೈರು ಇಲಿ ಕಡಿದ್ಬುಡ್ತು ಸಾ" ಎಂಬ ಉತ್ತರ. ನಮ್ಮ ಇಲಿಗಳು ಬಲು ರಸಿಕರು. ಹಾಡಿನ ವೈರನ್ನು ಎಂದೂ ಕಡಿದಿದ್ದಿಲ್ಲ, ಟೇಲ್ ಲೈಟಿನದ್ದನ್ನು ಎಂದೂ ಬಿಟ್ಟಿದ್ದಿಲ್ಲ.

ಇಲ್ಲಿ ಇಲಿಯದು ತಪ್ಪಿಲ್ಲ. ಮುಂದಿನ ದೀಪ ನನಗೆ ದಾರಿ ತೋರಿಸುತ್ತದೆ. ಹಿಂದಿನ ದೀಪ ನನ್ನನ್ನು ಇನ್ನೊಬ್ಬನಿಗೆ ತೋರಿಸುತ್ತದೆ. ಅದು ಉರಿದರೂ ನಾನು ಕಾಣೆ, ಆರಿದರೂ ಕಾಣೆ. ಬಲ್ಬು ನನ್ನದು, ವೈರು ನನ್ನದು, ಬ್ಯಾಟರಿ ನನ್ನದು, ಬೆಳಕು ಮಾತ್ರ ಯಾರೋ ಅಪರಿಚಿತನದು. ಇಂಥ ನಷ್ಟದ ವ್ಯಾಪಾರಕ್ಕೆ ನಾವು ಯಾರೂ ಬಂಡವಾಳ ಹಾಕುವುದಿಲ್ಲ. ಮನೆ ಕಸವನ್ನು ಗುಡಿಸಿ ಬೀದಿಗೆ ತಳ್ಳುವವರೂ, ಬೋರ್‌ವೆಲ್ ಗುಂಡಿ ತೋಡಿ ಬಾಯಿ ಮುಚ್ಚದೆ ಹೋಗುವವರೂ ಈ ಅರ್ಥಶಾಸ್ತ್ರದ ಪದವೀಧರರೇ. ಟ್ರಾಕ್ಟರಿನವನನ್ನು ಬೈದು ಕಾರು ಹತ್ತುವ ನಾವೂ ಅದೇ ಕಾಲೇಜಿನವರು, ಇಳಿಜಾರಿನಲ್ಲೂ ಹೈ ಬೀಮ್ ಇಳಿಸದವರು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸರ್ಕಾರವೇ ಲೆಕ್ಕ ಕೊಟ್ಟಿದೆ. ಅಪಘಾತದ ಬಗೆಗಳಲ್ಲಿ ದೊಡ್ಡ ಪಾಲು ಹಿಂದಿನಿಂದ ಹೋಗಿ ಗುದ್ದಿದ್ದು. ಗುದ್ದಿದವನ ತಪ್ಪೆಂದು ಪಂಚಾಯಿತಿ ಮುಗಿಯುತ್ತದೆ. ಕಾಣಿಸದೆ ನಿಂತಿದ್ದವನಿಗೆ ಸಾಕ್ಷಿ ಕತ್ತಲು.

ಇದನ್ನೆಲ್ಲ ಅಮ್ಮನ ಮುಂದೆ ಹೇಳಿ ಹಗುರಾಗಲು ಹೋದೆ. ಅವಳು ಅವರೆಕಾಯಿ ಬಿಡಿಸುತ್ತ ತಾತನ ಕತೆ ತೆಗೆದಳು. ತಾತ ಹುಣಸೆಹಣ್ಣು ಹೇರಿಕೊಂಡು ರಾತ್ರಿಯೆಲ್ಲ ತುಮಕೂರಿಗೆ ಗಾಡಿ ಹೊಡೆಯುತ್ತಿದ್ದನಂತೆ. ಒಂದರ ಹಿಂದೊಂದು ಹತ್ತು ಗಾಡಿ. "ಗಾಡಿಗೆ ಮುಂದ್ಗಡೆ ದೀಪ ಎಲ್ಲಿತ್ತು? ಎತ್ತಿಗೆ ದಾರಿ ಗೊತ್ತಿತ್ತು, ನಿಮ್ಮ ತಾತ ಮಲಗಿರೋನು." ಮತ್ತೆ ಲಾಟೀನು ನೇತುಹಾಕುತ್ತಿದ್ದರಲ್ಲ, ಎಂದೆ. "ಅದು ಅಚ್ಚಿನ ಹಿಂದ್ಗಡೆ ಕಣೋ. ಹಿಂದ್ಲ ಗಾಡಿಯೋರಿಗೆ."

ಸೀಮೆಎಣ್ಣೆಯನ್ನು ಚಟಾಕು ಲೆಕ್ಕದಲ್ಲಿ ಕೊಳ್ಳುತ್ತಿದ್ದ ಕಾಲ. ಮನೆಯಲ್ಲಿ ಒಂದೇ ಬುಡ್ಡಿ, ಅದನ್ನೂ ಊಟವಾದ ಮೇಲೆ ಆರಿಸುತ್ತಿದ್ದವರು. ಅಂಥವರ ಗಾಡಿಗೆ ಹೆಡ್‌ಲೈಟಿರಲಿಲ್ಲ, ಟೇಲ್ ಲೈಟಿತ್ತು.

ಎರಡು ವಾರದ ಮೇಲೆ ರಿಲೇ ಪೆಟ್ಟಿಗೆ ಬಂತು. ಫ್ಯೂಸು ಹಾಕಿ, ಜೋಡಣೆಗಳಿಗೆ ಬೆಸುಗೆ ಕೊಟ್ಟು, ವೈರನ್ನು ಕೊಳವೆಯಲ್ಲಿ ತೂರಿಸಿ ಬಿಗಿದೆವು. ಡ್ಯಾಶ್‌ಬೋರ್ಡು ಮೌನವಾಗಿತ್ತು. ಭಾಮೈದ ಬ್ರೇಕ್ ಒತ್ತುವುದು, ನಾನು ಹಿಂದೆ ನಿಂತು "ಬಂತು" ಎನ್ನುವುದು, ಎಡ, ಬಂತು, ಬಲ, ಬಂತು. ಮಗು ಹುಟ್ಟಿದ ಮನೆಯ ಸಡಗರ.

ಆ ಶನಿವಾರ ರಾತ್ರಿ ಖಾಲಿ ಟ್ರೈಲರ್ ಎಳೆದುಕೊಂಡು ಕೊರಟಗೆರೆಯಿಂದ ಮಧುಗಿರಿಗೆ ಹೊರಟೆವು. ಕನ್ನಡಿಯಲ್ಲಿ ರಸ್ತೆಯ ಮೇಲೆ ತೆಳ್ಳಗೆ ಕೆಂಪು ಚೆಲ್ಲಿತ್ತು. ಭಾಮೈದ ಮುಂದಿನ ರಸ್ತೆಗಿಂತ ಹೆಚ್ಚಾಗಿ ಅದನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಹಿಂದಿನಿಂದ ಒಂದು ಬೈಕು ಹಾರನ್ ಮಾಡುತ್ತ, ಲೈಟು ಮಿಟುಕಿಸುತ್ತ ಬೆನ್ನು ಹತ್ತಿತು. ಏನೋ ಬಿದ್ದುಹೋಗಿರಬೇಕೆಂದು ಎದೆ ಧಸಕ್ಕೆಂದಿತು. ಕಾರು ನಿಧಾನ ಮಾಡಿ ಗಾಜು ಇಳಿಸಿದೆವು. ಸವಾರ ಪಕ್ಕಕ್ಕೆ ಬಂದು, ಕೈಯ ಬೆರಳುಗಳನ್ನು ಬಿಚ್ಚಿ ಮುಚ್ಚಿ ಸನ್ನೆ ಮಾಡುತ್ತ ಕೂಗಿದ:

"ಅಣ್ಣೋ! ಹಿಂದ್ಗಡೆ ಗಾಡಿ ಲೈಟು ಉರೀತಾ ಐತೆ! ಆಫ್ ಮಾಡ್ರಣ್ಣ, ಸುಮ್ಕೆ ಬ್ಯಾಟ್ರಿ ಹೋಗ್ಬುಡ್ತದೆ!"

ಥ್ಯಾಂಕ್ಸ್ ಅಂದೆವು. ಉಪಕಾರ ಮಾಡಿದ ತೃಪ್ತಿಯಲ್ಲಿ ಅವನು ಗೇರು ಬದಲಿಸಿ ಮುಂದೆ ಹೋದ. ನಾಲ್ಕು ಮಾರು ಹೋಗುವಷ್ಟರಲ್ಲಿ ಮಾಯ. ಅವನ ಬೈಕಿನ ಹಿಂದೆ ದೀಪವಿರಲಿಲ್ಲ.